ಅಪ್‌ಗ್ರೇಡ್ ಆದ ಮೇಲೆ ಕಂಪ್ಯೂಟರ್ ತೆರೆಯುತ್ತಿಲ್ಲವೇ? ಫಾರ್ಮ್ಯಾಟ್ ಮಾಡಿಸುವ ಮೊದಲು ಇಷ್ಟು ಮಾಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟ್‌ಗಳನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಅದರ ಹಿಂದುಮುಂದಿನ ತಿಂಗಳುಗಳಲ್ಲಿ ಮನೆಯ ಲ್ಯಾಪ್‌ಟಾಪ್, ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್, ಶಾಲೆಯ ಕಚೇರಿಯ ಡೆಸ್ಕ್‌ಟಾಪ್ ಎಲ್ಲವನ್ನೂ ವಿಂಡೋಸ್ 11ಕ್ಕೆ ಏರಿಸುವ ಕೆಲಸ ಜೋರಾಗಿ ನಡೆಯಿತು, ಈಗಲೂ ನಡೆಯುತ್ತಿದೆ. ಏರಿಸಿ ಮಾರನೆಯ ದಿನ ಬಟನ್ ಒತ್ತಿದರೆ ಕೆಲವು ಯಂತ್ರಗಳಲ್ಲಿ ಕಪ್ಪು ಪರದೆ, ಇಲ್ಲವೇ ಎಷ್ಟು ಹೊತ್ತಾದರೂ ಸುತ್ತುತ್ತಲೇ ಇರುವ ಚುಕ್ಕಿಗಳು. ಆಗ ಸಾಮಾನ್ಯವಾಗಿ ಸಿಗುವ ಸಲಹೆ, "ಫಾರ್ಮ್ಯಾಟ್ ಹೊಡೆಸಿಬಿಡಿ" ಎಂಬುದು. ದಯವಿಟ್ಟು ಆ ಮಾತಿಗೆ ಅಷ್ಟು ಬೇಗ ಒಪ್ಪಬೇಡಿ. ವಿಂಡೋಸ್ ತೆರೆಯುತ್ತಿಲ್ಲ ಎಂದಮಾತ್ರಕ್ಕೆ ನಿಮ್ಮ ಫೋಟೊ, ಲೆಕ್ಕಪತ್ರ, ಮಕ್ಕಳ ಪ್ರಾಜೆಕ್ಟ್ ಅಳಿಸಿಹೋಗಿವೆ ಎಂದಲ್ಲ. ಬಹುಪಾಲು ಸಂದರ್ಭಗಳಲ್ಲಿ ಅವು ಡಿಸ್ಕ್‌ನಲ್ಲಿ ಹಾಗೆಯೇ ಕುಳಿತಿರುತ್ತವೆ. ಅವನ್ನು ಅಳಿಸುವುದು ಕೆಟ್ಟ ಅಪ್‌ಗ್ರೇಡ್ ಅಲ್ಲ, ಗಾಬರಿಯಲ್ಲಿ ಮಾಡಿದ ರಿಪೇರಿ.

ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲು ಡಿಸ್ಕ್‌ನಲ್ಲಿ ಏನನ್ನೂ ಬದಲಿಸದ ಕೆಲಸಗಳು, ಆಮೇಲೆ ಫೈಲ್‌ಗಳನ್ನು ಹೊರಗೆ ತೆಗೆಯುವುದು, ರಿಪೇರಿ ಅದರ ನಂತರ. ಯಾವ ಹಂತದಲ್ಲಿ ಕಂಪ್ಯೂಟರ್ ತೆರೆದುಕೊಂಡರೂ ಅಲ್ಲಿಗೆ ನಿಲ್ಲಿಸಿ, ಮೊದಲು ಬ್ಯಾಕಪ್ ತೆಗೆದುಕೊಳ್ಳಿ.

ಹಂತ 1: ನಿಜವಾಗಿಯೂ ನಿಂತಿದೆಯೇ ಎಂದು ನೋಡಿ

ಹಳೆಯ ಹಾರ್ಡ್‌ಡಿಸ್ಕ್ ಇರುವ ಯಂತ್ರದಲ್ಲಿ ಅಪ್‌ಗ್ರೇಡ್ ಗಂಟೆಗಟ್ಟಲೆ ಹಿಡಿಯುತ್ತದೆ. ಶೇಕಡಾವಾರು ಅಂಕಿ ಒಂದೇ ಕಡೆ ಬಹಳ ಹೊತ್ತು ನಿಲ್ಲುವುದೂ ಉಂಟು. ಡಿಸ್ಕ್‌ನ ಪುಟ್ಟ ದೀಪ ಮಿನುಗುತ್ತಿದ್ದರೆ, ಡಿಸ್ಕ್ ಓಡುವ ಸದ್ದು ಕೇಳುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದು ತಿಳಿಯಿರಿ. ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿಡಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಲೇಬೇಡಿ. ನಡುವೆ ಕರೆಂಟ್ ಹೋದರೆ ಸಣ್ಣ ತೊಂದರೆ ದೊಡ್ಡದಾಗುತ್ತದೆ. ಎರಡು ಮೂರು ಗಂಟೆ ಕಳೆದರೂ ದೀಪ, ಅಂಕಿ ಯಾವುದರಲ್ಲೂ ಚಲನೆಯಿಲ್ಲದಿದ್ದರೆ ಮಾತ್ರ ಪವರ್ ಬಟನ್ ಅನ್ನು 10 ಸೆಕೆಂಡು ಒತ್ತಿಹಿಡಿದು ಆಫ್ ಮಾಡಿ.

"ಮಾಡಿದ ಬದಲಾವಣೆಗಳನ್ನು ಹಿಂತೆಗೆಯಲಾಗುತ್ತಿದೆ" ಎಂಬ ಅರ್ಥದ ಇಂಗ್ಲಿಷ್ ಸಂದೇಶ ಕಂಡರೆ ಅದನ್ನು ಮುಟ್ಟಬೇಡಿ. ಅಪ್‌ಗ್ರೇಡ್ ಸೋತದ್ದನ್ನು ವಿಂಡೋಸ್ ತಾನೇ ಅರಿತು ಹಳೆಯ ಸ್ಥಿತಿಗೆ ಮರಳುತ್ತಿದೆ.

ಹಂತ 2: ಎಲ್ಲಿ ನಿಂತಿತು ಎಂಬುದನ್ನು ಗುರುತಿಸಿ

ಮತ್ತೆ ಆನ್ ಮಾಡಿ, ಮೊಬೈಲ್ ಕೈಯಲ್ಲಿ ಹಿಡಿದು ಪರದೆಯ ಮೇಲೆ ಬರುವುದನ್ನೆಲ್ಲ ಫೋಟೊ ತೆಗೆಯಿರಿ. ದೋಷದ ಕೋಡ್ ಬಂದರೆ ಅದು ಸ್ಪಷ್ಟವಾಗಿ ಕಾಣುವಂತಿರಲಿ. ಮೊದಲು ನೀಲಿಯಾಗಿದ್ದ ಈ ದೋಷದ ಪರದೆ ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳಲ್ಲಿ ಕಪ್ಪಾಗಿದೆ, ಅರ್ಥ ಅದೇ.

ದೀಪವಿಲ್ಲ, ಫ್ಯಾನ್ ತಿರುಗುವ ಸದ್ದೂ ಇಲ್ಲ ಎಂದರೆ ಅದು ಅಪ್‌ಗ್ರೇಡ್‌ನ ತಪ್ಪಲ್ಲ. ಚಾರ್ಜರ್, ಬ್ಯಾಟರಿ, ಪವರ್ ಸಪ್ಲೈ ನೋಡಿಸಿ.

ಲಾಗಿನ್ ಆದ ಮೇಲೆ ಕಪ್ಪು ಪರದೆ, ಅದರ ಮೇಲೆ ಮೌಸ್‌ನ ಬಾಣ ಮಾತ್ರ ಓಡಾಡುತ್ತಿದೆಯೇ? ನೀವು ಅದೃಷ್ಟವಂತರು, ವಿಂಡೋಸ್ ಎದ್ದಿದೆ, ಕಾಣಿಸುತ್ತಿಲ್ಲ ಅಷ್ಟೆ. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕನ್ನೂ ಒಟ್ಟಿಗೆ ಒತ್ತಿ. ಒಂದು ಬೀಪ್ ಬಂದು ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಆಗಲಿಲ್ಲವಾದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅದರಲ್ಲಿ ಹೊಸ ಟಾಸ್ಕ್ ಓಡಿಸುವ ಆಯ್ಕೆ ಹಿಡಿದು ಎಕ್ಸ್‌ಪ್ಲೋರರ್ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಡೆಸ್ಕ್‌ಟಾಪ್ ಬರುವ ಸಾಧ್ಯತೆ ಇದೆ.

ಇನ್ನು "ಬೂಟ್ ಮಾಡುವ ಡಿಸ್ಕ್ ಸಿಗುತ್ತಿಲ್ಲ" ಎಂಬರ್ಥದ ಸಂದೇಶ. ಹಳೆಯ ಯಂತ್ರಗಳಲ್ಲಿ ಇದು ತುಂಬ ಸಾಮಾನ್ಯ, ಕಾರಣವೂ ಹೆಚ್ಚಾಗಿ ಒಂದೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಸೆಕ್ಯೂರ್ ಬೂಟ್ ಸೌಲಭ್ಯವಿರುವ ಯುಇಎಫ್‌ಐ ಬೇಕು. ಇವು ಇವೆಯೇ ಎಂದು ನೋಡುವ ಪರೀಕ್ಷೆ ಪಾಸಾಗಲೆಂದು ಯಾರೋ ಬಯೋಸ್ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಒಳಗೆ ಹೋಗಿ ಲೆಗಸಿ ಅಥವಾ ಸಿಎಸ್‌ಎಂ ಎಂದಿದ್ದುದನ್ನು ಯುಇಎಫ್‌ಐ ಎಂದು ಬದಲಿಸಿರುತ್ತಾರೆ. ಆದರೆ ಆ ಡಿಸ್ಕ್ ಅನ್ನು ಹಿಂದೆ ಎಂಬಿಆರ್ ಎಂಬ ಹಳೆಯ ಪದ್ಧತಿಯಲ್ಲಿ ವಿಭಾಗಿಸಲಾಗಿರುತ್ತದೆ. ಯುಇಎಫ್‌ಐ ವಿಧಾನದಲ್ಲಿ ವಿಂಡೋಸ್ ಏಳಬೇಕಾದರೆ ಡಿಸ್ಕ್ ಜಿಪಿಟಿ ಪದ್ಧತಿಯಲ್ಲಿರಬೇಕು. ಡಿಸ್ಕ್ ಸರಿಯಿದೆ, ವಿಂಡೋಸ್ ಸರಿಯಿದೆ, ಎರಡನ್ನೂ ಕೂಡಿಸುವ ಸೆಟ್ಟಿಂಗ್ ಮಾತ್ರ ತಪ್ಪಿದೆ. ಇಂಥ ಎಷ್ಟೋ ಕಂಪ್ಯೂಟರ್‌ಗಳು ಸುಮ್ಮನೆ ಫಾರ್ಮ್ಯಾಟ್ ಆಗುತ್ತವೆ ಎಂಬುದೇ ನನಗೆ ಬೇಸರ.

ಇದಕ್ಕೆ ಪರಿಹಾರ, ಬದಲಿಸಿದ್ದನ್ನು ಹಿಂದಿನಂತೆ ಮಾಡುವುದು. ಆನ್ ಮಾಡಿದ ಕೂಡಲೇ ಬಯೋಸ್ ಕೀಯನ್ನು ಮತ್ತೆ ಮತ್ತೆ ತಟ್ಟಿ. ಡೆಲ್, ಏಸರ್, ಆಸುಸ್‌ಗಳಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಎಫ್1 ಅಥವಾ ಎಫ್2. ಬೂಟ್ ವಿಭಾಗದಲ್ಲಿ ಲೆಗಸಿಗೆ ಅಥವಾ ಸಿಎಸ್‌ಎಂಗೆ ಮರಳಿಸಿ, ಉಳಿಸಿ, ಹೊರಬನ್ನಿ. ವಿಂಡೋಸ್ ತೆರೆದ ಮೇಲೆ, ಬ್ಯಾಕಪ್ ಆದ ಮೇಲೆ, ಎಂಬಿಆರ್‌ನಿಂದ ಜಿಪಿಟಿಗೆ ಬದಲಿಸುವ ಎಂಬಿಆರ್2ಜಿಪಿಟಿ ಎಂಬ, ವಿಂಡೋಸ್‌ನಲ್ಲೇ ಇರುವ ಸಲಕರಣೆಯನ್ನು ಬಳಸಬಹುದು. ಫೈಲ್ ಅಳಿಸದೆ ಪರಿವರ್ತಿಸುವುದಕ್ಕೆಂದೇ ಅದನ್ನು ಮಾಡಿರುವುದು. ಅದನ್ನು ಓಡಿಸಿ, ನಂತರ ಯುಇಎಫ್‌ಐಗೆ ಬದಲಿಸಿದರೆ ಸಮಸ್ಯೆಯಿರದು.

ಬಯೋಸ್‌ನಲ್ಲಿ "ಡಿಫಾಲ್ಟ್" ಒತ್ತಿದಾಗ ಸಾಟಾ ವಿಧಾನ ಎಎಚ್‌ಸಿಐನಿಂದ ರೇಡ್‌ಗೋ, ರೇಡ್‌ನಿಂದ ಎಎಚ್‌ಸಿಐಗೋ ಬದಲಾಗಿರಬಹುದು. ಆಗಲೂ ವಿಂಡೋಸ್‌ಗೆ ಡಿಸ್ಕ್ ಸಿಗದೆ ದೋಷದ ಪರದೆ ಬರುತ್ತದೆ. ಮೊದಲಿದ್ದ ವಿಧಾನಕ್ಕೆ ಮರಳಿಸಿದರೆ ಸಾಕು.

ಹಂತ 3: ಹೊರಗಿನ ಸಾಧನಗಳನ್ನೆಲ್ಲ ಕಳಚಿ

ಪೆನ್‌ಡ್ರೈವ್, ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್, ಹೊರಗಿನ ಹಾರ್ಡ್‌ಡಿಸ್ಕ್, ಎರಡನೆಯ ಮಾನಿಟರ್ ಎಲ್ಲವನ್ನೂ ತೆಗೆಯಿರಿ. ತಂತಿಯ ಕೀಬೋರ್ಡ್, ತಂತಿಯ ಮೌಸ್ ಮಾತ್ರ ಇರಲಿ. ಮರೆತು ಬಿಟ್ಟ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಲು ಹೋಗಿ ಯಂತ್ರ ನಿಂತಿರುವುದೂ ಉಂಟು. ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿಹಿಡಿದು, ಮತ್ತೆ ಆನ್ ಮಾಡಿ ನೋಡಿ.

ಹಂತ 4: ರಿಕವರಿ ಪರದೆಗೆ ಹೋಗಿ

ವಿಂಡೋಸ್ ಏಳದಿದ್ದರೂ ಅದರ ಜೊತೆಗೇ ಒಂದು ಪುಟ್ಟ ರಿಪೇರಿ ವ್ಯವಸ್ಥೆ ಡಿಸ್ಕ್‌ನ ಬೇರೊಂದು ವಿಭಾಗದಲ್ಲಿ ಇರುತ್ತದೆ. ಅದನ್ನು ಎಬ್ಬಿಸುವುದು ಹೀಗೆ: ಆನ್ ಮಾಡಿ, ಚುಕ್ಕಿಗಳು ಸುತ್ತಲು ಶುರುವಾದ ಕೂಡಲೇ ಪವರ್ ಬಟನ್ 10 ಸೆಕೆಂಡು ಒತ್ತಿ ಆಫ್ ಮಾಡಿ. ಇನ್ನೊಮ್ಮೆ ಹಾಗೆಯೇ ಮಾಡಿ. ಮೂರನೆಯ ಬಾರಿ ಆನ್ ಮಾಡಿದಾಗ ಬಿಟ್ಟುಬಿಡಿ. ಸ್ವಯಂ ದುರಸ್ತಿಗೆ ಸಿದ್ಧವಾಗುತ್ತಿದೆ ಎಂಬ ಸಂದೇಶ ಬಂದು, ಸ್ವಲ್ಪ ಹೊತ್ತಿಗೆ ಟ್ರಬಲ್‌ಶೂಟ್ ಎಂಬ ಆಯ್ಕೆಯಿರುವ ನೀಲಿ ಪರದೆ ಕಾಣುತ್ತದೆ. ಅದನ್ನು ಒತ್ತಿ, ಅದರೊಳಗಿನ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ. ನಮ್ಮ ಮುಂದಿನ ಕೆಲಸವೆಲ್ಲ ಇಲ್ಲಿಂದಲೇ.

ಬ್ಲೂಟೂತ್ ಕೀಬೋರ್ಡ್ ಈ ಪರದೆಯಲ್ಲಿ ಕೆಲಸ ಮಾಡುತ್ತದೆಂದು ನಂಬಬೇಡಿ, ತಂತಿಯದನ್ನೇ ಇಟ್ಟುಕೊಳ್ಳಿ. 2025ರ ಅಕ್ಟೋಬರ್ 14ರ ವಿಂಡೋಸ್ 11 ಅಪ್‌ಡೇಟ್‌ನಲ್ಲಂತೂ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಈ ಪರದೆಯಲ್ಲಿ ಸತ್ತಂತೆ ಬಿದ್ದಿದ್ದವು. ಮೈಕ್ರೋಸಾಫ್ಟ್ ಅಕ್ಟೋಬರ್ 20ಕ್ಕೆ ಅದನ್ನು ಸರಿಪಡಿಸಿತು. ಸರಿಪಡಿಸುವ ಮೊದಲೇ ನಿಂತುಹೋದ ಯಂತ್ರ ನಿಮ್ಮದಾಗಿದ್ದರೆ, ಅಥವಾ ರಿಕವರಿ ಪರದೆಯೇ ಬಾರದಿದ್ದರೆ, ಪೆನ್‌ಡ್ರೈವ್‌ನ ದಾರಿ ಹಿಡಿಯಬೇಕು.

ಬೇರೆ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ತಾಣದಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಸಿದ್ಧಮಾಡಿ. ಆ ಪೆನ್‌ಡ್ರೈವ್‌ನಲ್ಲಿರುವುದೆಲ್ಲ ಅಳಿಸುತ್ತದೆ, ಆದ್ದರಿಂದ ಖಾಲಿಯದನ್ನೇ ಆರಿಸಿ. ಕೆಟ್ಟ ಯಂತ್ರಕ್ಕೆ ಅದನ್ನು ಚುಚ್ಚಿ ಬೂಟ್ ಮೆನುವಿನ ಕೀ ತಟ್ಟಿ: ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಭಾಷೆ, ಕೀಬೋರ್ಡ್ ಆರಿಸಿದ ಮೇಲೆ ಬರುವ ಪರದೆಯಲ್ಲಿ ಇನ್‌ಸ್ಟಾಲ್ ಒತ್ತಬೇಡಿ. ರಿಪೇರಿ ಎಂಬ ಆಯ್ಕೆಯೂ ಅಲ್ಲೇ ಇರುತ್ತದೆ, ಅದನ್ನು ಆರಿಸಿ. ಇಲ್ಲಿ ಅವಸರಪಟ್ಟರೆ ಈವರೆಗಿನ ಎಚ್ಚರವೆಲ್ಲ ವ್ಯರ್ಥವಾಗುತ್ತದೆ.

ಹಂತ 5: ಬಿಟ್‌ಲಾಕರ್ ಕೀ ಹುಡುಕಿ

ಈಗ ಹಲವರಿಗೆ 48 ಅಂಕಿಗಳ ರಿಕವರಿ ಕೀ ಕೇಳುವ ಪರದೆ ಎದುರಾಗುತ್ತದೆ. "ನಾನು ಇಂಥದ್ದನ್ನು ಹಾಕಿಯೇ ಇಲ್ಲ" ಎನ್ನುತ್ತೀರಿ, ಅದು ನಿಜವೂ ಇರಬಹುದು. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಬಿಟ್‌ಲಾಕರ್ ಎಂಬ ಡಿಸ್ಕ್ ಗೂಢಲಿಪೀಕರಣ ತಾನಾಗಿಯೇ ಶುರುವಾಗಿರುತ್ತದೆ, ಕೀ ಆ ಖಾತೆಯಲ್ಲಿ ಉಳಿದಿರುತ್ತದೆ. ಮೊಬೈಲ್‌ನಲ್ಲಿ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ನಿಮ್ಮ ಸಾಧನಗಳ ಪಟ್ಟಿಗೆ ಹೋಗಿ ನೋಡಿ. ಒಂದಕ್ಕಿಂತ ಹೆಚ್ಚು ಕೀ ಇದ್ದರೆ, ಪರದೆಯ ಮೇಲೆ ಕಾಣುವ ಕೀ ಐಡಿಯ ಮೊದಲ ಎಂಟು ಅಕ್ಷರಗಳನ್ನು ಹೋಲಿಸಿ ಸರಿಯಾದುದನ್ನು ಆರಿಸಿ. ಲ್ಯಾಪ್‌ಟಾಪ್ ಮೊದಲು ಹೊಂದಿಸಿಕೊಟ್ಟವರು ಮಗಳೋ ಅಳಿಯನೋ ಅಂಗಡಿಯವರೋ ಆಗಿದ್ದರೆ ಕೀ ಅವರ ಖಾತೆಯಲ್ಲಿ ಕುಳಿತಿರಬಹುದು, ಅವರನ್ನೂ ಕೇಳಿ. ಕಂಪನಿಯ ಲ್ಯಾಪ್‌ಟಾಪ್ ಆದರೆ ಐಟಿ ವಿಭಾಗದವರ ಬಳಿ ಇರುತ್ತದೆ.

ಬಯೋಸ್ ಸೆಟ್ಟಿಂಗ್ ಬದಲಿಸಿದ್ದಕ್ಕೇ ಬಿಟ್‌ಲಾಕರ್ ಕೀ ಕೇಳುತ್ತಿರುವುದೂ ಇದೆ. ಹಿಂದಿನ ಸೆಟ್ಟಿಂಗ್‌ಗೆ ಮರಳಿಸಿದರೆ ಕೇಳುವುದನ್ನು ನಿಲ್ಲಿಸಬಹುದು. ಕೀ ಎಲ್ಲೂ ಸಿಗದಿದ್ದರೆ ಆ ಡಿಸ್ಕ್ ಅನ್ನು ಮೈಕ್ರೋಸಾಫ್ಟ್ ಕೂಡ ತೆರೆದುಕೊಡಲಾರದು. ಹಣ ಕೊಟ್ಟರೆ ತೆರೆಯುತ್ತೇವೆ ಎನ್ನುವವರನ್ನು ನಂಬಿ ಮೋಸಹೋಗಬೇಡಿ.

ಈ ಕೀ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಉದಾಹರಣೆ: 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದಾಗ, ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಡುವ ಸ್ಥಿತಿ ಬಂದಿತ್ತು. ರಿಪೇರಿ ಸರಳವಾಗಿತ್ತು: ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸುವುದು. ಆದರೂ ಅನೇಕ ಕಡೆ ಕೆಲಸ ನಿಧಾನವಾಯಿತು, ಒಳಗೆ ಹೋಗಲು ಬೇಕಾದ ಬಿಟ್‌ಲಾಕರ್ ಕೀಗಳನ್ನು ಒಂದೊಂದು ಯಂತ್ರಕ್ಕೂ ಹುಡುಕಬೇಕಾಗಿತ್ತು.

ಹಂತ 6: ಫೈಲ್‌ಗಳನ್ನು ಹೊರಗೆ ತೆಗೆಯಿರಿ

ಇಡೀ ಬರಹದಲ್ಲಿ ಒಂದೇ ಹಂತ ನೆನಪಿಡುವುದಾದರೆ ಇದನ್ನು ನೆನಪಿಡಿ. ರಿಕವರಿ ಪರದೆಯ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಕಪ್ಪು ಕಿಟಕಿಯಲ್ಲಿ ನೋಟ್‌ಪ್ಯಾಡ್ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್ ತೆರೆದ ಮೇಲೆ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ ಫೈಲ್ ಬಗೆ ಕೇಳುವಲ್ಲಿ ಎಲ್ಲ ಫೈಲ್‌ಗಳು ಎಂಬುದನ್ನು ಆರಿಸಿ. ಈಗ ನಿಮ್ಮ ಮುಂದಿರುವುದು ಪುಟ್ಟ ಫೈಲ್ ಎಕ್ಸ್‌ಪ್ಲೋರರ್. ಹೊರಗಿನ ಹಾರ್ಡ್‌ಡಿಸ್ಕ್ ಚುಚ್ಚಿ. ಬೇಕಾದ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ಕಾಪಿ ಮಾಡಿ, ಹೊರಗಿನ ಡಿಸ್ಕ್‌ಗೆ ಹೋಗಿ ಪೇಸ್ಟ್ ಮಾಡಿ.

ಇಲ್ಲಿ ಡ್ರೈವ್‌ಗಳ ಅಕ್ಷರ ಅದಲುಬದಲಾಗಿರಬಹುದು. ನಿಮ್ಮ ಸಿ ಡ್ರೈವ್ ಇಲ್ಲಿ ಡಿ ಎಂದೋ ಇ ಎಂದೋ ಕಾಣಬಹುದು, ಗಾಬರಿಯಾಗಬೇಡಿ. ಯೂಸರ್ಸ್ ಎಂಬ ಫೋಲ್ಡರ್‌ನ ಒಳಗೆ ನಿಮ್ಮ ಹೆಸರಿರುವುದು ಯಾವ ಡ್ರೈವ್‌ನಲ್ಲೋ ಅದೇ ನಿಮ್ಮದು. ನಕಲಾಗುವಾಗ ಎಷ್ಟು ಮುಗಿಯಿತು ಎಂದು ತೋರಿಸುವ ಪಟ್ಟಿ ಇಲ್ಲಿ ಬರುವುದಿಲ್ಲ, ಕಿಟಕಿ ಹ್ಯಾಂಗ್ ಆದಂತೆ ಕಾಣುತ್ತದೆ. ಆದ್ದರಿಂದ ಒಂದೊಂದೇ ಫೋಲ್ಡರ್ ನಕಲು ಮಾಡಿ, ತಾಳ್ಮೆಯಿಂದ ಕಾಯಿರಿ.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಲ್ಲರಿಗೂ ನೆನಪಾಗುತ್ತವೆ. ಮರೆಯುವುದು ಉಳಿದವನ್ನು: ಟ್ಯಾಲಿಯ ಡೇಟಾ ಫೋಲ್ಡರ್, ಔಟ್‌ಲುಕ್‌ನ ಮೇಲ್ ಫೈಲ್, ವಿಂಡೋಸ್ ಫೋಲ್ಡರ್‌ನ ಒಳಗಿರುವ ಫಾಂಟ್ಸ್. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ಕೊನೆಯದು ಮುಖ್ಯ. ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಮಾಡಿಟ್ಟ ದಾಖಲೆಗಳು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಮುದ್ರಣಾಲಯ, ಸಹಕಾರ ಸಂಘ, ವಕೀಲರ ಕಚೇರಿಗಳಲ್ಲಿ ಅಂಥ ದಾಖಲೆಗಳು ಇನ್ನೂ ಇವೆ.

ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಅಥವಾ ನಕಲು ಪದೇ ಪದೇ ನಿಂತರೆ, ಯಂತ್ರ ಆಫ್ ಮಾಡಿ. ಡಿಸ್ಕ್ ತಾನೇ ಸಾಯುತ್ತಿರಬಹುದು, ಪ್ರತಿ ಪ್ರಯತ್ನವೂ ಅದನ್ನು ಇನ್ನಷ್ಟು ಕೆಡಿಸುತ್ತದೆ. ಡೇಟಾ ರಿಕವರಿ ಮಾಡುವವರ ಬಳಿಗೇ ನೇರವಾಗಿ ಹೋಗಿ.

ಹಂತ 7: ಅಪ್‌ಗ್ರೇಡ್ ಅನ್ನೇ ಹಿಂತೆಗೆಯಿರಿ

ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಅಪ್‌ಡೇಟ್‌ಗಳನ್ನು ಅನ್‌ಇನ್‌ಸ್ಟಾಲ್ ಮಾಡುವ ಆಯ್ಕೆಯಿದೆ. ಒಳಗೆ ಎರಡು ಬಗೆ: ಕ್ವಾಲಿಟಿ ಅಪ್‌ಡೇಟ್ ಎಂದರೆ ತಿಂಗಳು ತಿಂಗಳು ಬರುವ ಸಣ್ಣದು, ಫೀಚರ್ ಅಪ್‌ಡೇಟ್ ಎಂದರೆ ಆವೃತ್ತಿಯನ್ನೇ ಬದಲಿಸುವ ದೊಡ್ಡದು. ಅಪ್‌ಗ್ರೇಡ್ ಸರಿಯಾಗಿ ಮುಗಿದು ಆಮೇಲೊಂದು ದಿನ ಕೆಟ್ಟಿದ್ದರೆ ಮೊದಲು ಸಣ್ಣದನ್ನು ತೆಗೆದು ನೋಡಿ. ಅಪ್‌ಗ್ರೇಡ್ ಆದ ಕೂಡಲೇ ಕೆಟ್ಟಿದ್ದರೆ ಫೀಚರ್ ಅಪ್‌ಡೇಟ್ ಅನ್ನೇ ತೆಗೆಯಿರಿ. ಹಳೆಯ ವಿಂಡೋಸ್ ಅನ್ನು ವಿಂಡೋಸ್.ಓಲ್ಡ್ ಎಂಬ ಫೋಲ್ಡರ್‌ನಲ್ಲಿ ಕಟ್ಟಿಟ್ಟಿರುತ್ತದೆ. ಸಾಮಾನ್ಯವಾಗಿ 10 ದಿನಗಳವರೆಗೆ ಮಾತ್ರ. ಜಾಗ ಸಾಲದೆಂದು ಆ ಫೋಲ್ಡರ್ ಅನ್ನು ಯಾರಾದರೂ ಅಳಿಸಿದ್ದರೆ ಈ ದಾರಿ ಮುಚ್ಚಿದಂತೆ.

ತೀರಾ ಹಳೆಯ ಪ್ರೊಸೆಸರ್ ಇದ್ದವರಿಗೆ ಹಳೆಯ ಆವೃತ್ತಿಗೆ ಮರಳುವುದೇ ದಾರಿ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಎಸ್‌ಎಸ್‌ಇ 4.2 ಎಂಬ ಸೂಚನಾ ಸಮೂಹ ಪ್ರೊಸೆಸರ್‌ನಲ್ಲಿ ಇರಲೇಬೇಕು. ಕೋರ್ 2 ಡ್ಯುಯೊ ಕಾಲದ ಯಂತ್ರಗಳಲ್ಲಿ ಅದಿಲ್ಲ. ಪರೀಕ್ಷೆಯನ್ನು ಹೇಗೋ ತಪ್ಪಿಸಿ ಅಂಥ ಯಂತ್ರದಲ್ಲಿ ಹೊಸ ಆವೃತ್ತಿ ಹಾಕಿದರೆ ಅದು ಏಳುವುದೇ ಇಲ್ಲ, ಯಾವ ರಿಪೇರಿಯೂ ನಾಟುವುದಿಲ್ಲ.

ಹಂತ 8: ರಿಪೇರಿ ಮತ್ತು ಸೇಫ್ ಮೋಡ್

ಹಿಂತೆಗೆಯಲು ಆಗಲಿಲ್ಲವೆಂದರೆ ಸ್ಟಾರ್ಟಪ್ ರಿಪೇರ್ ಒತ್ತಿ ನೋಡಿ. ಏನೂ ಮಾಡಲಾಗಲಿಲ್ಲ ಎಂದು ಅದು ಕೈಚೆಲ್ಲಿದರೂ ನಷ್ಟವಿಲ್ಲ. ಮುಂದೆ ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ ರೀಸ್ಟಾರ್ಟ್ ಒತ್ತಿ, ಪಟ್ಟಿ ಬಂದಾಗ 4 ಒತ್ತಿದರೆ ಅತ್ಯಗತ್ಯ ಡ್ರೈವರ್‌ಗಳಷ್ಟನ್ನೇ ಬಳಸುವ ಸೇಫ್ ಮೋಡ್, 5 ಒತ್ತಿದರೆ ಇಂಟರ್‌ನೆಟ್ ಸಮೇತ ಸೇಫ್ ಮೋಡ್. ಪಿನ್ ಒಪ್ಪದಿದ್ದರೆ ಖಾತೆಯ ಪಾಸ್‌ವರ್ಡ್ ಹಾಕಿ.

ಸೇಫ್ ಮೋಡ್ ತೆರೆದರೆ ತಪ್ಪು ಹೆಚ್ಚಾಗಿ ಡ್ರೈವರ್‌ನದು ಅಥವಾ ಹೊರಗಿನ ಆಂಟಿವೈರಸ್‌ನದು. ಆಂಟಿವೈರಸ್ ತೆಗೆದುಹಾಕಿ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ತೆರೆದು, ಅದರ ಪ್ರಾಪರ್ಟೀಸ್‌ನಲ್ಲಿ ಡ್ರೈವರ್ ಅನ್ನು ಹಿಂದಿನದಕ್ಕೆ ಮರಳಿಸಿ. ಆ ಬಟನ್ ಮಂಕಾಗಿದ್ದರೆ ಡ್ರೈವರ್ ಅನ್ನೇ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ವಿಂಡೋಸ್‌ನ ಸ್ವಂತ ಫೈಲ್‌ಗಳು ಕೆಟ್ಟಿವೆಯೇ ಎಂದು ನೋಡಲು ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಸ್, ಎಫ್, ಸಿ ಎಂಬ ಮೂರು ಅಕ್ಷರ, ಒಂದು ಸ್ಪೇಸ್, ಬಲಕ್ಕೆ ವಾಲಿದ ಓರೆಗೆರೆ, ಅದಕ್ಕೆ ಅಂಟಿದಂತೆ ಸ್ಕ್ಯಾನ್‌ನೌ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಕೆಟ್ಟ ಫೈಲ್ ಸಿಕ್ಕರೆ ಅದೇ ಬದಲಿಸುತ್ತದೆ.

ಹಂತ 9: ಕೊನೆಯ ದಾರಿ

ಫೈಲ್‌ಗಳು ಹೊರಗೆ ಬಂದಿವೆ, ಉಳಿದ ಯಾವುದೂ ನಾಟಲಿಲ್ಲ ಎಂದಾದರೆ ಈಗ ರೀಸೆಟ್ ಮಾಡಬಹುದು. ಟ್ರಬಲ್‌ಶೂಟ್‌ನಲ್ಲೇ ಅದಿದೆ. ಫೈಲ್ ಉಳಿಸಿಕೊಳ್ಳುವ ಆಯ್ಕೆಯನ್ನೇ ಹಿಡಿಯಿರಿ, ಆದರೆ ಅದನ್ನು ಬ್ಯಾಕಪ್ ಎಂದು ಎಣಿಸಬೇಡಿ. ಹಾಕಿಕೊಂಡಿದ್ದ ತಂತ್ರಾಂಶಗಳೆಲ್ಲ ಹೋಗುತ್ತವೆ, ಅವುಗಳ ಫೋಲ್ಡರ್ ಒಳಗೇ ಇಟ್ಟ ಡೇಟಾ ಕೂಡ ಹೋಗಬಹುದು. ಕ್ಲೌಡ್ ಡೌನ್‌ಲೋಡ್ ಆರಿಸಿದರೆ 4 ಜಿಬಿಗೂ ಹೆಚ್ಚು ಡೇಟಾ ಬೇಕು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಾಡುವವರು ಲೆಕ್ಕ ನೋಡಿಕೊಳ್ಳಿ. ಪೆನ್‌ಡ್ರೈವ್‌ನಿಂದ ಹೊಸದಾಗಿ ಹಾಕುವಾಗ ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಕಾಣುವುದೇ ಇಲ್ಲ. ಡಿಸ್ಕ್ ಕೆಟ್ಟಿದೆ ಎಂದು ಹೊಸದು ಕೊಳ್ಳಬೇಡಿ. ಲ್ಯಾಪ್‌ಟಾಪ್ ಕಂಪನಿಯ ತಾಣದಲ್ಲಿ ಇಂಟೆಲ್ ರಾಪಿಡ್ ಸ್ಟೋರೇಜ್ ಡ್ರೈವರ್ ಸಿಗುತ್ತದೆ, ಅದನ್ನು ಬಿಚ್ಚಿ ಪೆನ್‌ಡ್ರೈವ್‌ಗೆ ಹಾಕಿ, ಲೋಡ್ ಡ್ರೈವರ್ ಒತ್ತಿ ತೋರಿಸಿ.

ವಿಂಡೋಸ್ 11 ಈ ಯಂತ್ರಕ್ಕೆ ಒಗ್ಗುವುದಿಲ್ಲ ಎಂದು ಖಚಿತವಾದರೆ ವಿಂಡೋಸ್ 10ಕ್ಕೇ ಮರಳಿ. ಅದರ 22ಎಚ್2 ಆವೃತ್ತಿಯಿದ್ದು ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಇಲ್ಲವೇ ಉಬುಂಟು, ಲಿನಕ್ಸ್ ಮಿಂಟ್‌ಗಳಲ್ಲೊಂದನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಡಿಸ್ಕ್ ಮುಟ್ಟದೆ.

ಯಾವ ಹಂತದಲ್ಲಾದರೂ ಕೈಸೋತು ಅಂಗಡಿಗೆ ಒಯ್ಯುವುದಾದರೆ, ಹಂತ 2ರಲ್ಲಿ ತೆಗೆದ ಫೋಟೊಗಳನ್ನು ತೋರಿಸಿ. ಬಯೋಸ್‌ನಲ್ಲಿ ಏನು ಬದಲಾಗಿತ್ತು, ಅಪ್‌ಗ್ರೇಡ್ ಯಾವ ದಿನ ಆಯಿತು ಎಂಬುದನ್ನು ಹೇಳಿ. ಒಂದು ಚೀಟಿಯಲ್ಲಿ "ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ, ಮೊದಲು ಡೇಟಾ ತೆಗೆದುಕೊಡಿ" ಎಂದು ಬರೆದು, ನಿಮ್ಮ ಫೋನ್ ನಂಬರ್ ಹಾಕಿ, ಲ್ಯಾಪ್‌ಟಾಪ್‌ನ ಮುಚ್ಚಳದ ಮೇಲೆ ಅಂಟಿಸಿ ಕೊಡಿ.